ಒಂಬತ್ತನೇ ಸಾಲು

ವೇಮಗಲ್ ಇಂಡಸ್ಟ್ರಿಯಲ್ ಏರಿಯಾ, ಶೆಡ್ಡು ನಂಬರ್ ಹನ್ನೊಂದು.
ಶಾಲೆಗಳ ಲ್ಯಾಬಿಗೆ ಗಾಜು ಕಳಿಸುವ ನಮ್ಮಲ್ಲಿಗೆ
ಹೋದ ತಿಂಗಳು ಯಾದಗಿರಿಯಿಂದ ವಾಪಸು ಬಂದದ್ದು
ನಲವತ್ತೊಂದು ಫ್ಲಾಸ್ಕು. ಬಂದದ್ದು ಅಂದರೆ,
ಪೆಟ್ಟಿಗೆ ಬಂತು; ಒಳಗೆ ಕಲ್ಲುಸಕ್ಕರೆ.

"ನೀನು ಬಿ.ಎ. ಓದಿದೋಳು, ಬರಿ ಒಂದು ಕಾಗದ,
ಪ್ಯಾಕ್ ಮಾಡೋದು ಹೇಗೆ ಅಂತ," ಎಂದರು ಮ್ಯಾನೇಜರು.
ರಾತ್ರಿ ಕೂತು, ಸ್ಕೇಲಿಟ್ಟು ಗೆರೆ ಎಳೆದು, ಬರೆದೆ:
'ಸದರಿ ಉತ್ಪನ್ನವನ್ನು ಸೂಕ್ತ ಪ್ರಮಾಣದ ಮೆತ್ತನೆಯ ಸಾಮಗ್ರಿಯೊಂದಿಗೆ
ಎಚ್ಚರಿಕೆಯಿಂದ ಇರಿಸತಕ್ಕದ್ದು.'
ನನಗೆ ನಾನೇ ಕೈಮುಗಿಯಬೇಕು, ಅಷ್ಟು ಚೆನ್ನಾಗಿತ್ತು.

ಬೆಳಿಗ್ಗೆ ಟೇಬಲ್ಲಿನ ಎದುರು ಅಂಟಿಸಿದೆ.
ಹದಿನಾರು ವರ್ಷದಿಂದ ಗಾಜು ಸುತ್ತುವ ನಾರೆಮ್ಮ
ಬೆರಳಿಟ್ಟು ಓದಿದಳು, ಅಕ್ಷರಕ್ಕೆ ಅಕ್ಷರ ಕೂಡಿಸಿ.
"ಸೂಕ್ತ ಅಂದ್ರೆ ಎಷ್ಟು?" ಎಂದಳು.
ನನಗೆ ಕೇಳಿಸಲಿಲ್ಲವೇನೋ ಎಂದು ತೆಲುಗಿನಲ್ಲೂ: "ಎಂತ?"

ಎರಡು ಭಾಷೆಯ ಪ್ರಶ್ನೆಗೆ
ಒಂದರಲ್ಲೂ ಉತ್ತರವಿರಲಿಲ್ಲ ನನ್ನ ಹತ್ತಿರ.

ಮಾರನೇ ದಿನ ಅವಳೆದುರು ಸ್ಟೂಲು ಹಾಕಿಕೊಂಡು ಕೂತೆ.
ಟೊಮೆಟೊ ಮಂಡಿಯ ರೇಟು ಅಚ್ಚಾದ ಹಳೇ ಪೇಪರು,
ಅಡ್ಡಕ್ಕೆ ಮೂರು ಸುತ್ತು, ಬುಡದಲ್ಲಿ ಒಂದು ಮಡಿಕೆ.
ಕತ್ತಿನೊಳಗೆ ಒಂದು ಉಂಡೆ. "ತುರುಕಬಾರದು, ಇಡಬೇಕು."
"ಏನು ವ್ಯತ್ಯಾಸ?"
"ತುರುಕಿದ್ರೆ ಆಚೆಗೆ ಬರಲ್ಲ. ಇಟ್ರೆ, ಎಳೆದ್ರೆ ಬರ್ತೈತೆ."
ಬರೆದುಕೊಂಡೆ.
ಹೇಳುವಾಗ ಅವಳ ಕೈ ನಿಲ್ಲುತ್ತಿತ್ತು,
ಮಾಡುವಾಗ ಬಾಯಿ.
ಹದಿನಾರು ವರ್ಷ ಯಾರೂ ಎರಡನ್ನೂ ಒಟ್ಟಿಗೆ ಕೇಳಿರಲಿಲ್ಲ.

"ಎತ್ತೋದು?"
"ಬಾಣಂತಿ ಕೈಯಿಂದ ಕೂಸು ಇಸ್ಕೊಂಡಂಗೆ."
ಎಷ್ಟು ಚೆಂದ! ಹಾಗೇ ಬರೆದೆ.
ರಾತ್ರಿ ಪಾಳಿಯಲ್ಲಿ ಚಾಂದ್ ಪಾಷ ಅದನ್ನು ಹಿಂದಿಗೆ ತಿರುಗಿಸಿ ಹೇಳಿದ
ಗಂಜಾಂನಿಂದ ಬಂದ ಹತ್ತೊಂಬತ್ತರ ಬಿಜಯನಿಗೆ.
"ನಾನು ಕೂಸು ಎತ್ತಿಯೇ ಇಲ್ಲ ಮೇಡಂ," ಎಂದ ಹುಡುಗ,
ಫ್ಲಾಸ್ಕಿನ ಕತ್ತು ಹಿಡಿದುಕೊಂಡು.
ಹೊಡೆದುಹಾಕಿದೆ ಆ ಸಾಲನ್ನು. ಅದರ ಜಾಗಕ್ಕೆ:
'ಅಂಗೈ ಬುಡಕ್ಕೆ. ಎರಡು ಬೆರಳು ಕತ್ತಿಗೆ. ಭಾರವೆಲ್ಲ ಅಂಗೈ ಮೇಲೆ.'
ಪಕ್ಕದಲ್ಲಿ ಒಂದು ಕೈಯ ಚಿತ್ರ.
ಆರು ಬೆರಳಾಗಿತ್ತು, ಬಿಜಯನೇ ಎಣಿಸಿ ನಕ್ಕ. ಒಂದನ್ನು ಅಳಿಸಿದೆ.

'ಎಚ್ಚರಿಕೆಯಿಂದ' ಎಂಬುದನ್ನೂ ತೆಗೆದೆ.
ಎಚ್ಚರಿಕೆ ಎಲ್ಲರಲ್ಲೂ ಇರುತ್ತದೆ,
ಎಲ್ಲಿಗೆ ಹೋಗಿ ಕೂರಬೇಕೆಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.
'ತಕ್ಕದ್ದು' ತಾನಾಗಿ ಉದುರಿತು.

ಉಳಿದದ್ದು ಎಂಟು ಸಾಲು. ಎಂಟನೆಯದು:
'ಮುಚ್ಚಿದ ಮೇಲೆ ಕಿವಿಗಿಟ್ಟು ಒಮ್ಮೆ ಅಲ್ಲಾಡಿಸಿ.
ಸದ್ದು ಬಂದರೆ ಬಿಚ್ಚಿ. ಮತ್ತೆ ಮೊದಲಿಂದ.'
ಆ ವಾರವೆಲ್ಲ ಶೆಡ್ಡಿನ ತುಂಬ ಜನ
ಪೆಟ್ಟಿಗೆ ಕಿವಿಗಿಟ್ಟುಕೊಂಡು ತಲೆ ವಾಲಿಸಿ ನಿಂತಿದ್ದರು,
ಊರಿಂದ ಫೋನು ಬಂದವರ ಹಾಗೆ.

ಲಾರಿ ಹೋಯಿತು. ದಾರಿಯ ಒಂದೊಂದು ಹಂಪೂ
ಮಲಗಿದ್ದ ನನ್ನ ಬೆನ್ನಿಗೆ ತಾಗಿತು.

ಹನ್ನೆರಡನೇ ದಿನ, ಚಲನ್ನಿನ ಹಿಂಬದಿಯಲ್ಲಿ, ನೀಲಿ ಶಾಯಿ:
'ಎಲ್ಲಾ ಸರಿಯಾಗಿ ಮುಟ್ಟಿವೆ. ಒಂದು ಒಡೆದಿದೆ. ನಾನೇ ಒಡೆದೆ.
ಟೇಪಿಗೆ ಕುಡುಗೋಲು ಹಾಕಿದಾಗ ಮೊನೆ ಗಾಜಿಗೆ ತಾಗಿತು.
ಬಿಚ್ಚುವುದು ಹೇಗೆಂದು ತಾವು ಬರೆದಿಲ್ಲ. ಸಾಬಣ್ಣ, ಅಟೆಂಡರ್.'

ಅಷ್ಟು ದಿನ ಮುಚ್ಚುವ ಕೈಯನ್ನೇ ನೋಡುತ್ತಿದ್ದೆ.
ಐನೂರು ಕಿಲೋಮೀಟರು ಆಚೆ
ಕುಡುಗೋಲು ಹಿಡಿದು ಕಾಯುತ್ತಿತ್ತು ಇನ್ನೊಂದು.

ಒಂಬತ್ತನೇ ಸಾಲು, ಒಳಗಲ್ಲ, ಮುಚ್ಚಳದ ಮೇಲೆ:
'ಟೇಪನ್ನು ಇಲ್ಲಿ ಕುಯ್ಯಿರಿ. ಮೊನೆ ಆಳಕ್ಕೆ ಇಳಿಸಬೇಡಿ.'
ನಾರೆಮ್ಮ ಓದಿ ತಲೆಯೆತ್ತಿದಳು.
"ಗೊತ್ತು," ಎಂದೆ. "ಆಳ ಅಂದ್ರೆ ಎಷ್ಟು."

ಬಲಗೈಯ ತೋರುಬೆರಳು ಮುಂದೆ ಹಿಡಿದಳು:
ಯಾವ ವರ್ಷದ್ದೋ ಗಾಜು ಕಚ್ಚಿಕೊಂಡು ಹೋಗಿ
ಉಳಿದ ಅರ್ಧ ಉಗುರು.
ಸ್ಕೇಲಿಟ್ಟೆ. ಐದು ಮಿಲಿಮೀಟರು.
ಅದನ್ನೇ ಬರೆದೆ.